ಕೋರ್ಟ್ ಸೀನು ಎಲ್ಲಿಂದ ಚಾಲೂ ಮಾಡ್ಲಿ?

"ಬ್ರಿಟಿಷರ ಕಾಲದ ಕ್ರಾಂತಿಕಾರಿ ಹುಡುಗ್ರ ಮ್ಯಾಲೆ ಕೇಸು ನಡಿಯೋ ಕಾದಂಬರಿ ಬರಿಯಾಕತ್ತೀನಿ. ಕೋರ್ಟ್ ಸೀನು ಎಲ್ಲಿಂದ ಚಾಲೂ ಮಾಡ್ಲಿ?" ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಕಡೆಯ ಹೊಸ ಬರಹಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ನನ್ನ ಉತ್ತರ: ಮಾಫಿ ಸಾಕ್ಷಿಯಿಂದ, ಅಂದರೆ ಕ್ಷಮೆ ಪಡೆದು ತನ್ನ ಗುಂಪಿನ ವಿರುದ್ಧವೇ ಸಾಕ್ಷಿ ಹೇಳುವವನಿಂದ. ಕಟಕಟೆಯ ಭಾಷಣದಿಂದಂತೂ ಬೇಡ.

ಅದಕ್ಕೂ ಮೊದಲು ಹುಡುಗರು ತುಂಗಭದ್ರೆಯ ಯಾವ ದಂಡೆಯಲ್ಲಿ ಸಿಕ್ಕಿಬಿದ್ದರು ಅಂತ ತೀರ್ಮಾನಿಸಿ. ಹೊಸಪೇಟೆಯಲ್ಲಾದರೆ ಅದು ಮದ್ರಾಸ್ ಪ್ರಾಂತ್ಯ. ಬ್ರಿಟಿಷರ ದಂಡಸಂಹಿತೆ, ಅಪೀಲಿಗೆ ಮದ್ರಾಸ್ ಹೈಕೋರ್ಟು. ಹೊಳೆ ದಾಟಿ ಕೊಪ್ಪಳದ ಕಡೆ ಸಿಕ್ಕರೆ ನಿಜಾಮರ ಸೀಮೆ. ಅಲ್ಲಿ ಕಚೇರಿ ಉರ್ದುವಿನಲ್ಲಿ, ಜಿಲ್ಲೆಗೆ ಕಲೆಕ್ಟರ್ ಅಲ್ಲ, ಅವ್ವಲ್ ತಾಲ್ಲೂಕ್ದಾರ್. ರೂಪಾಯಿಯೂ ಬೇರೆ, ಬ್ರಿಟಿಷರ 6ಕ್ಕೆ ಇವರ 7. ಪಕ್ಕದ ಸಂಡೂರು ಇನ್ನೊಂದು ಸಂಸ್ಥಾನ. ರಾತ್ರಿ ಹರಗೋಲು ಹತ್ತಿ ಆಚೆ ದಂಡೆ ಸೇರಿದವನನ್ನು ಬಳ್ಳಾರಿ ಪೊಲೀಸರು ನೆಟ್ಟಗೆ ಹೋಗಿ ಎಳೆದು ತರುವಂತಿರಲಿಲ್ಲ. ಪತ್ರವ್ಯವಹಾರ ಹೈದರಾಬಾದಿನ ರೆಸಿಡೆಂಟ್, ಅಂದರೆ ನಿಜಾಮರ ಬಳಿಯಿದ್ದ ಬ್ರಿಟಿಷ್ ಪ್ರತಿನಿಧಿಯ ಮೂಲಕ ಸುತ್ತಿ ಬರಬೇಕು. ಇಷ್ಟು ಒಳ್ಳೆಯ ಸರಕು ಮನೆ ಬಾಗಿಲಲ್ಲೇ ಬಿದ್ದಿರುವಾಗ ಜನ ಯಾಕೆ ಲಾಹೋರಿಗೆ ಓಡುತ್ತಾರೋ! ಅಂದಹಾಗೆ 1853ರಿಂದ 1860ರವರೆಗೆ ರಾಯಚೂರು ದೋಆಬ್, ಅಂದರೆ ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ಸೀಮೆ, ಬ್ರಿಟಿಷರ ಆಡಳಿತದಲ್ಲಿತ್ತು. 1858ರ ಕಥೆಯಾದರೆ ಮೇಲಿನ ಲೆಕ್ಕವೇ ತಲೆಕೆಳಗು. ಇನ್ನು 1930ರ ಹುಡುಗ ಡ್ಯಾಮಿನ ಹಿನ್ನೀರು ನೋಡುತ್ತ ಕೂರುವುದು ಬೇಡ. ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದೇ 1945ರಲ್ಲಿ.

ಲಾಹೋರ್ ಅಂದೆ. ಸಿನಿಮಾ ನೋಡಿದವರ ತಲೆಯಲ್ಲಿ ಕೂತಿರುವುದು ಭಗತ್ ಸಿಂಗ್ ಮತ್ತು ಸಂಗಡಿಗರ ಮೇಲಿನ ಲಾಹೋರ್ ಮೊಕದ್ದಮೆ. ಅದು ಅಪವಾದ. 1930ರ ಮೇ 1ರಂದು ವೈಸರಾಯ್ ಇರ್ವಿನ್ ಸುಗ್ರೀವಾಜ್ಞೆ ಹೊರಡಿಸಿ, ಮೂವರು ನ್ಯಾಯಾಧೀಶರ ವಿಶೇಷ ಟ್ರಿಬ್ಯೂನಲ್ ಮಾಡಿ, ಹೈಕೋರ್ಟಿಗೆ ಅಪೀಲನ್ನೇ ಮುಚ್ಚಿದ. ಆರೋಪಿಗಳಿಲ್ಲದೆಯೂ ವಿಚಾರಣೆ ನಡೆಯಿತು. ಬಳ್ಳಾರಿಯಂಥ ಜಿಲ್ಲೆಯ ಮಾಮೂಲಿ ಕೇಸು ಹೀಗೆ ನಡೆಯುತ್ತಿರಲಿಲ್ಲ.

1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಪ್ರಕಾರ ಕೇಸು ಎರಡು ಸಲ ನಡೆಯುತ್ತದೆ. ಮೊದಲು ಮ್ಯಾಜಿಸ್ಟ್ರೇಟ್ ಮುಂದೆ ಪ್ರಾಥಮಿಕ ವಿಚಾರಣೆ. ಆತ ಬಹುತೇಕ ಸಬ್‌ಕಲೆಕ್ಟರ್ ಅಥವಾ ಡೆಪ್ಯುಟಿ ಕಲೆಕ್ಟರ್, ಅಂದರೆ ಕಂದಾಯ ನೋಡಿಕೊಳ್ಳುವ ಮನುಷ್ಯನೇ. ಆತ ಕೇಸನ್ನು ಸೆಷನ್ಸ್‌ಗೆ ಒಪ್ಪಿಸಿದ ಮೇಲೆ ಅದೇ ಸಾಕ್ಷಿಗಳು ಬಂದು ಅದೇ ಕಥೆಯನ್ನು ಇನ್ನೊಮ್ಮೆ ಹೇಳಬೇಕು. ಕಾದಂಬರಿಕಾರನಿಗೆ ಬಂಗಾರ ಇಲ್ಲಿದೆ. ಮೊದಲ ಸಲ "ಕತ್ತಲಿತ್ತು" ಅಂದ ಸಾಕ್ಷಿ ಎರಡನೇ ಸಲ "ಬೆಳದಿಂಗಳಿತ್ತು" ಅನ್ನುತ್ತಾನೆ. ವಕೀಲ ಪಾಟೀಸವಾಲನ್ನು ಮೊದಲ ಹಂತದಲ್ಲಿ ಬೇಕಂತಲೇ ಉಳಿಸಿಕೊಂಡಿರುತ್ತಾನೆ.

ಈಗ ಮಾಫಿ ಸಾಕ್ಷಿ. ಗುಂಪಿನೊಳಗಿನ ಒಬ್ಬನಿಗೆ 337ನೇ ಕಲಮಿನಡಿ ಷರತ್ತಿನ ಕ್ಷಮೆ ಸಿಗುತ್ತದೆ: ಗೊತ್ತಿರುವುದನ್ನೆಲ್ಲ ಮುಚ್ಚಿಡದೆ ಹೇಳಬೇಕು. ಕ್ಷಮೆ ಸಿಕ್ಕ ಕೂಡಲೇ ಅವನನ್ನು ಮನೆಗೆ ಕಳಿಸಿಬಿಡುವುದು ಹೊಸಬರು ಮಾಡುವ ತಪ್ಪು. ಮೊದಲೇ ಜಾಮೀನಿನ ಮೇಲೆ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ವಿಚಾರಣೆ ಮುಗಿಯುವ ತನಕ ಅವನೂ ಬಂಧನದಲ್ಲೇ. ಮಾತು ತಪ್ಪಿದರೆ 339ರಡಿ ಮೂಲ ಅಪರಾಧಕ್ಕೇ ಅವನ ಮೇಲೆ ಕೇಸು ಬೀಳುತ್ತದೆ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕ್ಲೈಮ್ಯಾಕ್ಸಿನಲ್ಲಿ ಅವನು ಗೆಳೆಯರ ಮುಖ ನೋಡಿ "ನಾನು ಹೇಳಿದ್ದೆಲ್ಲ ಸುಳ್ಳು" ಅನ್ನುತ್ತಾನೆ, ಕೇಸು ಬಿದ್ದುಹೋಗುತ್ತದೆ. ಬೀಳಬೇಕೆಂದೇನಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಆರೋಪಿಗಳ ಎದುರಿನಲ್ಲಿ ಕೊಟ್ಟ ಹೇಳಿಕೆಯನ್ನೇ ಸಾಕ್ಷ್ಯವಾಗಿ ತೆಗೆದುಕೊಳ್ಳಲು 288ನೇ ಕಲಮು ಸೆಷನ್ಸ್ ಜಡ್ಜಿಗೆ ಅವಕಾಶ ಕೊಡುತ್ತದೆ. ಆಡಿದ ಮಾತು ಹಿಂದೆ ಬರುವುದಿಲ್ಲ. ಉಲ್ಟಾ ಹೊಡೆದವನ ಕೊರಳಿಗೂ ಕುಣಿಕೆ. ನೀವು ಬರೆಯಬೇಕಾದ ಕ್ಲೈಮ್ಯಾಕ್ಸ್ ಇದು.

ಭಗವದ್ಗೀತೆಯ ಮೇಲೆ ಕೈ ಇಡಿಸಬೇಡಿ. 1873ರ ಪ್ರಮಾಣ ಕಾಯ್ದೆಯಲ್ಲಿ ಹಿಂದೂ, ಮುಸ್ಲಿಂ ಸಾಕ್ಷಿಗಳಿಗಿದ್ದದ್ದು ಗ್ರಂಥವಿಲ್ಲದ ದೃಢವಚನ. ಆರೋಪಿಗೆ ಅದೂ ಇಲ್ಲ, ಅವನು ಪ್ರಮಾಣ ಮಾಡಿ ಸಾಕ್ಷಿ ಹೇಳುವಂತೆಯೇ ಇರಲಿಲ್ಲ. ಜಡ್ಜಿ ಕೇಳಿದ್ದಕ್ಕೆ ಉತ್ತರ ಕೊಡಬಹುದು, ಇಲ್ಲವೇ ಬರೆದ ಹೇಳಿಕೆ ಸಲ್ಲಿಸಬಹುದು. ದೆಹಲಿ ಅಸೆಂಬ್ಲಿ ಬಾಂಬ್ ಕೇಸಿನಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರ ಪ್ರಸಿದ್ಧ ಹೇಳಿಕೆಯನ್ನು 1929ರ ಜೂನ್ 6ರಂದು ಓದಿದ್ದು ವಕೀಲ ಅಸಫ್ ಅಲಿ. ಮೇಜಿಗೆ ಸುತ್ತಿಗೆ ಕುಟ್ಟುವ ಜಡ್ಜಿಯನ್ನೂ ಮರೆತುಬಿಡಿ. ಸುತ್ತಿಗೆಯ ಬದಲು ಜಡ್ಜಿಯ ಜೊತೆ ಅಸೆಸರ್‌ಗಳನ್ನು, ಅಂದರೆ ಅಭಿಪ್ರಾಯ ಹೇಳಲು ಕರೆಸಿದ ಊರಿನವರನ್ನು, ಕೂರಿಸಿ: ಹತ್ತಿ ವ್ಯಾಪಾರಿ, ಜಮೀನುದಾರ, ಇಂಥವರು. ಕೊನೆಗೆ ಒಬ್ಬೊಬ್ಬರ ಅಭಿಪ್ರಾಯ ಕೇಳುತ್ತಾರೆ, ಜಡ್ಜಿ ಅದಕ್ಕೆ ಕಟ್ಟುಬೀಳಬೇಕಿಲ್ಲ. ಊರಿನ ಹುಡುಗನ ಬಗ್ಗೆ ಊರಿನ ಸಾಹುಕಾರ ಏನಂದಾನು?

ದಂಡಸಂಹಿತೆಯ ಕಲಮುಗಳಿಗೂ ವಯಸ್ಸಿದೆ. ಒಳಸಂಚಿನ 120ಬಿ ಬಂದದ್ದು 1913ರಲ್ಲಿ. 1908ರ ಕಥೆಗೆ 121ಎ, ಅಂದರೆ ಸರ್ಕಾರದ ವಿರುದ್ಧ ಯುದ್ಧ ಹೂಡುವ ಸಂಚು, ಹಾಕಿ. ಆದರೆ 121ಎ ಒಂದಕ್ಕೇ ಗಲ್ಲು ಇಲ್ಲ, ಅದರ ಗರಿಷ್ಠ ಶಿಕ್ಷೆ ಜೀವಾವಧಿ ಕರಿನೀರು. ಗಲ್ಲು ಬೇಕಾದರೆ 302 (ಕೊಲೆ) ಅಥವಾ 121 (ಸರ್ಕಾರದ ವಿರುದ್ಧ ಯುದ್ಧ). ಸೆಷನ್ಸ್ ಜಡ್ಜಿ ಗಲ್ಲು ಬರೆದರೂ ಮದ್ರಾಸ್ ಹೈಕೋರ್ಟು ಸ್ಥಿರೀಕರಿಸುವ ತನಕ ಜಾರಿಯಾಗದು.

ಜೈಲಿನ ಎ, ಬಿ, ಸಿ ಕ್ಲಾಸುಗಳು 1930ರ ನಂತರದ್ದು. 1922ರ ಕೈದಿಗೆ ಎ ಕ್ಲಾಸ್ ಕೊಡಬೇಡಿ. ಲಾಹೋರ್ ಬೇಕೇ ಬೇಕು ಅನ್ನುವವರಿಗೆ ಬಳ್ಳಾರಿಯಲ್ಲೇ ಕೊಂಡಿಯಿದೆ. ಅದೇ ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆಯಾದ ಮಹಾವೀರ ಸಿಂಗ್ ಅಂಡಮಾನಿಗೆ ಹೋಗುವ ಮುನ್ನ ಬಳ್ಳಾರಿ ಸೆಂಟ್ರಲ್ ಜೈಲಿನಲ್ಲಿದ್ದರು. 1933ರ ಮೇನಲ್ಲಿ ಅಂಡಮಾನಿನ ಜೈಲಿನ ಉಪವಾಸದ ವೇಳೆ ಮೂಗಿನ ನಳಿಕೆಯಿಂದ ಬಲವಂತವಾಗಿ ಹಾಕಿದ ಹಾಲು ಶ್ವಾಸಕೋಶಕ್ಕೆ ಇಳಿದು ತೀರಿಕೊಂಡರು.

ಕಡತ ಹುಡುಕಲು ಮೊದಲೇ ಬೆಂಗಳೂರಿಗೆ ಹೋಗಬೇಡಿ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ಅದಕ್ಕೂ ಹಿಂದಿನ ಸರ್ಕಾರಿ ದಾಖಲೆಗೆ ಚೆನ್ನೈನ ಎಗ್ಮೋರಿನ ಪತ್ರಾಗಾರ. ರಾಯಚೂರು, ಕೊಪ್ಪಳದ್ದಕ್ಕೆ ಹೈದರಾಬಾದು. ಉರ್ದು ಓದುವವರನ್ನು ಜೊತೆಗೆ ಕರೆದೊಯ್ಯಿರಿ. ಅಲ್ಲಿ ತಾರೀಖು ಫಸಲಿಯಲ್ಲಿ, ಅಂದರೆ ನಿಜಾಮರ ಕಚೇರಿಯ ವರ್ಷಗಣನೆಯಲ್ಲಿ, ಇರುತ್ತದೆ. ವರ್ಷ ಅಕ್ಟೋಬರ್‌ನಲ್ಲಿ ಆರಂಭ, ಕ್ರಿಸ್ತಶಕ ಬೇಕಾದರೆ ಫಸಲಿ ವರ್ಷಕ್ಕೆ, ಡಿಸೆಂಬರ್‌ವರೆಗಿನ ಕಾಗದವಾದರೆ 590, ಜನವರಿಯಿಂದ ಮುಂದಿನದಾದರೆ 591 ಕೂಡಿಸಿ.