ಮಾರ್ಫಿನ್ ದಾಟಿತು, ಕೆಟಮಿನ್ ಸಿಕ್ಕಿಬಿತ್ತು

ತುರ್ತು ಔಷಧ ಸಾಗಿಸುವ ಕೆಲಸದಲ್ಲಿರುವವರಿಗೆ, ತೀವ್ರ ನೋವು ಶಮನ ಮಾಡುವ ಮಾರ್ಫಿನ್ ಅಂದರೆ ತಲೆನೋವು. ಮಾದಕ ದ್ರವ್ಯಗಳ ಕುರಿತ ವಿಶ್ವಸಂಸ್ಥೆಯ 1961ರ ಒಪ್ಪಂದದ ಪ್ರಕಾರ ಮೊದಲು ತರಿಸಿಕೊಳ್ಳುವ ದೇಶದ ಇಂಪೋರ್ಟ್ ಪರ್ಮಿಟ್ ಬರಬೇಕು, ಅದನ್ನು ನೋಡಿ ಕಳಿಸುವ ದೇಶ ಎಕ್ಸ್‌ಪೋರ್ಟ್ ಪರ್ಮಿಟ್ ಕೊಡಬೇಕು. ಮಾಮೂಲಿ ದಿನಗಳಲ್ಲೇ ವಾರಗಟ್ಟಲೆ ಎಳೆಯುವ ವ್ಯವಹಾರ. ಭೂಕಂಪಕ್ಕೆ ಸರ್ಕಾರಿ ಕಚೇರಿಗಳೇ ಕುಸಿದಿರುವಾಗ ಸಹಿ ಹಾಕುವವರನ್ನು ಎಲ್ಲಿಂದ ಹುಡುಕಿ ತರುವುದು?

ಹಾಗಾಗಿ ಒಮ್ಮೆ ಭೂಕಂಪವಾದ ದೇಶವೊಂದಕ್ಕೆ ಔಷಧ ಕಳಿಸುವ ಆರ್ಡರ್ ಬಂದ ಕೂಡಲೇ ನಾನು ಹಿಡಿದುಕೊಂಡು ಕೂತಿದ್ದು ಮಾರ್ಫಿನ್ ಮತ್ತು ಸೆಳವು ತಡೆಯುವ ಡಯಾಜೆಪಾಮ್ ಫೈಲು. ಇಂಥ ಹೊತ್ತಿಗೆಂದೇ ಡಬ್ಲ್ಯುಎಚ್‌ಒ 1996ರಲ್ಲಿ ಹೊರಡಿಸಿದ ಮಾದರಿ ಮಾರ್ಗಸೂಚಿ ಇದೆ. ನಂಬಿಕಸ್ಥ ಸಂಸ್ಥೆ ಕೇಳಿದರೆ, ಕಳಿಸುವ ದೇಶದ ಪ್ರಾಧಿಕಾರ ಇಂಪೋರ್ಟ್ ಪರ್ಮಿಟ್‌ಗೆ ಕಾಯದೆ ಮಾಲು ಬಿಡಬಹುದು. ಪ್ರಮಾಣ ಕಳಿಸುವ ದೇಶದ ಎಸ್ಟಿಮೇಟ್‌ನಲ್ಲೇ, ಅಂದರೆ ಅದರ ವಾರ್ಷಿಕ ಅಗತ್ಯದ ಅಂದಾಜಿನಲ್ಲೇ, ಲೆಕ್ಕಕ್ಕೆ ಹೋಗುತ್ತದೆ. ಫಾರ್ಮ್ ತುಂಬಿದೆವು, ವಿಯೆನ್ನಾದ ಐಎನ್‌ಸಿಬಿಗೆ (ಅಂತರರಾಷ್ಟ್ರೀಯ ಮಾದಕ ದ್ರವ್ಯ ನಿಯಂತ್ರಣ ಮಂಡಳಿ) ಪ್ರತಿ ಹೋಯಿತು, ಭೂಕಂಪವಾದ ದೇಶದ ಔಷಧ ನಿಯಂತ್ರಣ ಕಚೇರಿಗೂ ಹೋಯಿತು. ಚಿಕ್ಕ ಪೆಟ್ಟಿಗೆ, ಪ್ರತ್ಯೇಕ ಎಡಬ್ಲ್ಯುಬಿ (ವಿಮಾನ ಸರಕಿನ ರಶೀದಿ). ಇಳಿದ ಮಧ್ಯಾಹ್ನವೇ ಕ್ಲಿಯರ್ ಆಗಿ ಆಚೆ ಬಂತು. ನಾವು ಬೀಗುತ್ತಾ ಟೀ ಕುಡಿದೆವು.

ರಾತ್ರಿ ಸರಕು ಸಾಗಿಸುವ ಏಜೆಂಟ್, ನಮ್ಮ ಫಾರ್ವರ್ಡರ್, ಫೋನ್ ಬಂತು. "ಜನರಲ್ ಕಾರ್ಗೋ ಹೋಲ್ಡ್ ಆಗಿದೆ ಸರ್, ಪೂರ್ತಿ."

"ಪೂರ್ತಿ ಅಂದ್ರೆ?"

"ಐವಿ ಫ್ಲೂಯಿಡ್, ಆಂಟಿಬಯಾಟಿಕ್, ಡ್ರೆಸ್ಸಿಂಗ್, ಎಲ್ಲಾ. ಕೆಟಮಿನ್‌ಗೆ ಪರ್ಮಿಟ್ ಕೇಳ್ತಿದಾರೆ."

ಕೆಟಮಿನ್‌ಗೆ ಪರ್ಮಿಟ್ಟೇ? ನನಗೆ ನಗುವೇ ಬಂತು. ಕೆಟಮಿನ್ ಅರಿವಳಿಕೆ ಔಷಧ, ಅಂತರರಾಷ್ಟ್ರೀಯ ನಿಯಂತ್ರಣದ ಯಾವ ಪಟ್ಟಿಯಲ್ಲೂ ಇಲ್ಲ. 2015ರಲ್ಲಿ ಸೇರಿಸಬೇಕೆಂಬ ಪ್ರಸ್ತಾವ ವಿಯೆನ್ನಾದ ವಿಶ್ವಸಂಸ್ಥೆ ಮಾದಕ ದ್ರವ್ಯ ಆಯೋಗಕ್ಕೆ ಬಂದಿತ್ತು. ಡಬ್ಲ್ಯುಎಚ್‌ಒ ತಜ್ಞರ ಸಮಿತಿ ಮೊದಲಿನಿಂದಲೂ ಬೇಡ ಎನ್ನುತ್ತಲೇ ಇತ್ತು, ಸೇರಲಿಲ್ಲ. ಬೇಡ ಅನ್ನಲು ಕಾರಣವೂ ಇದೆ. ಅರಿವಳಿಕೆ ಯಂತ್ರವಿಲ್ಲದ, ಕರೆಂಟ್ ಹೋದ ಟೆಂಟಿನಲ್ಲಿ ನಜ್ಜುಗುಜ್ಜಾದ ಕಾಲು ಕತ್ತರಿಸಬೇಕಾದಾಗ ಸರ್ಜನ್ ಕೈ ಚಾಚುವುದು ಇದಕ್ಕೇ. ಸಾಮಾನ್ಯವಾಗಿ ಉಸಿರಾಟ ನಿಲ್ಲಿಸುವುದಿಲ್ಲ, ರಕ್ತದೊತ್ತಡ ಕುಸಿಯಲು ಬಿಡುವುದಿಲ್ಲ.

ಒಪ್ಪಂದದ ಷೆಡ್ಯೂಲ್ ತೆಗೆದು, ಹಳದಿ ಬಣ್ಣ ಬಳಿದು, ಕಸ್ಟಮ್ಸ್ ಅಧಿಕಾರಿಗೆ ಕಳಿಸಿದೆ. ನೋಡಿ, ಇದರಲ್ಲಿ ಎಲ್ಲೂ ಇಲ್ಲ. ಉತ್ತರ ಬರಲಿಲ್ಲ. ಮತ್ತೆ ಕಳಿಸಿದೆ, ಈ ಸಲ ಸ್ವಲ್ಪ ಖಾರವಾಗಿ. ಅಷ್ಟರಲ್ಲಿ ಫೀಲ್ಡ್ ಆಸ್ಪತ್ರೆಯ ಸರ್ಜನ್ ಮೆಸೇಜು: "ಕೆಟಮಿನ್ ಇವತ್ತು ರಾತ್ರಿಗೆ ಸಾಲುತ್ತೆ. ನಾಳೆಗೆ ಇಲ್ಲ." ಅದನ್ನು ಓದಿದ ಮೇಲೂ ನಾನು ಮಾಡಿದ್ದು ಇನ್ನೊಂದು ಪಿಡಿಎಫ್ ಹುಡುಕುವ ಕೆಲಸವನ್ನೇ. ವಾದದಲ್ಲಿ ಗೆದ್ದರೆ ಮಾಲು ಬಿಡುತ್ತಾರೆ ಎಂಬ ಭ್ರಮೆ. ಕೊನೆಗೆ ಆ ಅಧಿಕಾರಿ ಫೋನಿಗೆ ಸಿಕ್ಕರು. ಸಿಟ್ಟೇನೂ ಇರಲಿಲ್ಲ, ದಣಿದ ದನಿ. "ನೀವು ಕಳಿಸಿದ್ದು ವಿಶ್ವಸಂಸ್ಥೆಯ ಪಟ್ಟಿ. ನಮ್ಮ ಕಾನೂನಿನಲ್ಲಿ ಕೆಟಮಿನ್ ಇದೆ. ಬಿಟ್ಟರೆ ನನ್ನ ಕೆಲಸ ಹೋಗುತ್ತೆ."

ಅವರು ಹೇಳಿದ್ದು ಸರಿ. ಒಪ್ಪಂದದಲ್ಲಿ ಇಲ್ಲದಿದ್ದರೂ ಎಷ್ಟೋ ದೇಶಗಳು ಕೆಟಮಿನ್ ಅನ್ನು ತಮ್ಮ ಕಾನೂನಿನಡಿ ನಿಯಂತ್ರಿಸುತ್ತವೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಪ್ಯಾಕಿಂಗ್ ಲಿಸ್ಟ್ ಮಾಡುವಾಗ ನಾನು ನೋಡಿದ್ದು ಸಿಸ್ಟಮ್ಮಿನ 'ಕಂಟ್ರೋಲ್ಡ್' ಕಾಲಮ್ ಮಾತ್ರ, ಅದರಲ್ಲಿ 'ನೋ' ಎಂದಿತ್ತು. ಆ ಕಾಲಮ್ಮಿಗೆ ದೇಶವೇ ಇಲ್ಲ! ಯಾವ ಪುಣ್ಯಾತ್ಮ ಡಿಸೈನ್ ಮಾಡಿದರೋ, ಜಗತ್ತಿಗೆಲ್ಲ ಒಂದೇ ಹೌದು, ಒಂದೇ ಇಲ್ಲ.

ದಾರಿ ತೋರಿಸಿದ್ದು ಪಕ್ಕದ ಡೆಸ್ಕಿನ ಸಹೋದ್ಯೋಗಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಾರ್ಫಿನ್ ಯಾರು ಬಿಡಿಸಿದ್ದು?" ಔಷಧ ನಿಯಂತ್ರಣ ಕಚೇರಿಯ ಫಾರ್ಮಸಿಸ್ಟ್. ಅವರ ನಂಬರ್ ನಮ್ಮ ಮಾರ್ಫಿನ್ ಫೈಲಿನ ಮೊದಲ ಪುಟದಲ್ಲೇ ಇತ್ತು. ಎಬ್ಬಿಸಿದೆವು. ಕೆಟಮಿನ್ ಸಾಲನ್ನೂ ಸೇರಿಸಿ ಹೊಸ ಪತ್ರ ಬರೆದು, ಸೀಲು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರು. ಬೆಳಗಾಗುವ ಮೊದಲೇ ಗೇಟ್ ಪಾಸ್ ಆಯಿತು. ಅಷ್ಟು ಹೊತ್ತು ನಾನು ತಪ್ಪು ಮನುಷ್ಯನ ಜತೆ ಜಗಳ ಕಾಯುತ್ತಿದ್ದೆ. ಬಿಡುವ ಅಧಿಕಾರ ಅವರಿಗೆ ಇರಲೇ ಇಲ್ಲ.

ನಿಯಮ ಸಡಿಲಿಸಿ ಎಂದು ಮೇಲಿನವರು ಹೇಳುತ್ತಲೇ ಇರುತ್ತಾರೆ. ಕೋವಿಡ್ ಬಂದು, ವೆಂಟಿಲೇಟರ್ ಹಾಕಿದವರಿಗೆ ಮಂಪರು ತರಿಸುವ ಮಿಡಾಜೊಲಾಮ್, ನೋವು ತಗ್ಗಿಸುವ ಫೆಂಟನಿಲ್ ಸಾಲದೆ ಹೋದಾಗ ಐಎನ್‌ಸಿಬಿ, ಯುಎನ್‌ಒಡಿಸಿ (ವಿಶ್ವಸಂಸ್ಥೆಯ ಮಾದಕ ದ್ರವ್ಯ ಮತ್ತು ಅಪರಾಧ ಕಚೇರಿ), ಡಬ್ಲ್ಯುಎಚ್‌ಒ ಮೂರೂ ಸೇರಿ 2020ರ ಆಗಸ್ಟ್‌ನಲ್ಲಿ ಜಂಟಿ ಹೇಳಿಕೆ ಕೊಟ್ಟವು. ಒಳ್ಳೆಯದೇ. ಆದರೆ ರಾತ್ರಿ ಪಾಳಿಯ ಕೌಂಟರಿನವರಿಗೆ ಬೇಕಿರುವುದು ತಮ್ಮದೇ ದೇಶದ ಒಂದು ಆದೇಶ, ತಮ್ಮದೇ ಮೇಲಧಿಕಾರಿಯ ಸಹಿ. ಅದನ್ನು ಭೂಕಂಪವಾದ ಮೇಲೆ ಮಾಡಿಸಲು ಹೊರಟರೆ ಆಗುವುದಿಲ್ಲ. ಯಾವ ದೇಶ ಏನನ್ನು ನಿಯಂತ್ರಿಸುತ್ತದೆ, ಅಲ್ಲಿ ಸಹಿ ಯಾರದು, ಅವರು ರಜೆಯಲ್ಲಿದ್ದರೆ ಮುಂದಿನವರು ಯಾರು ಎಂಬುದನ್ನು ಸುಮ್ಮನಿರುವ ದಿನಗಳಲ್ಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಕೆಟಮಿನ್ ಈಗ ಎಲ್ಲಿಗೇ ಹೋಗಲಿ, ಮಾರ್ಫಿನ್ ಪೆಟ್ಟಿಗೆಯ ಜತೆಗೇ ಪ್ರತ್ಯೇಕ ಎಡಬ್ಲ್ಯುಬಿ ಮೇಲೆ ಹೋಗುತ್ತದೆ. ಹೋಲ್ಡ್ ಆದರೂ ಸಲೈನ್ ಬಾಟಲಿಗಳಾದರೂ ಆಚೆ ಬರಲಿ. ದೇಶವಾರು ಕಾಲಮ್ ಕೇಳಿ ಐಟಿಯವರಿಗೆ ಟಿಕೆಟ್ ಹಾಕಿದ್ದೇನೆ. "ಮುಂದಿನ ರಿಲೀಸ್‌ನಲ್ಲಿ ನೋಡೋಣ" ಅಂದಿದ್ದಾರೆ. ಅಲ್ಲಿಯವರೆಗೆ ನನ್ನದೇ ಒಂದು ಎಕ್ಸೆಲ್ ಶೀಟು. ಅದನ್ನು ಆಡಿಟ್‌ನವರು 'ಅನಧಿಕೃತ ದಾಖಲೆ' ಅಂತ ಬರೆದು ಹೋಗಿದ್ದಾರೆ.