ಕಾಂಟೆಸ್ಸಾ ಮತ್ತು ಕರಕರ ಗುಂಡಿ

ಹಳೆಯ ಕಾಂಟೆಸ್ಸಾ ಕಾರನ್ನು ಸಾಕಿಕೊಂಡಿರುವ ಗೆಳೆಯನ ಮನೆಯಲ್ಲಿ ಎಪ್ಪತ್ತರ ದಶಕದ ಆಂಪ್ಲಿಫೈಯರ್ ಕೂಡ ಇದೆ. ಇರದಿದ್ದರೆ ಆಶ್ಚರ್ಯ! ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತದೆ. ಒಳಗೆ ಧೂಳು, ಮತ್ತೇನಿಲ್ಲ. ಅವನು ಮಾತ್ರ ಅದನ್ನು ‘ಜೀವಂತಿಕೆ’ ಎನ್ನುತ್ತಾನೆ. ವಿದ್ಯುತ್ತನ್ನು ಹಿಡಿದಿಡುವ, ಒಳಗೆ ದ್ರವವಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಹಳತಾದಂತೆ ಒಣಗುತ್ತವೆ, ಧ್ವನಿಯಲ್ಲಿ ಗುಂಯ್‌ಗುಡುವಿಕೆ ಸೇರುತ್ತದೆ. ಅಂಗೈಯಗಲದ ಹೊಸ ಕ್ಲಾಸ್ ಡಿ (ವಿದ್ಯುತ್ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ಲಿಫೈಯರ್ ಹೆಚ್ಚು ಬಿಸಿಯಾಗದೆ ಅಷ್ಟೇ ಶಕ್ತಿ ಕೊಡುತ್ತದೆ ಎಂದರೆ ಮುಖ ಸಿಂಡರಿಸುತ್ತಾನೆ. ಕಿವಿಗಿಂತ ಕೈಗೆ ಸಿಗುವ ಸುಖವೇ ಅವನಿಗೆ ದೊಡ್ಡದು, ಕಾರಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ವಿಷಯದಲ್ಲೂ ಅಷ್ಟೇ. ಹಳೆಯದನ್ನು ಬಿಚ್ಚಬಹುದು, ಬೆಸುಗೆ ಹಾಕಬಹುದು. ಹೊಸದು ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸಬೇಕು, ಅದನ್ನು ಒಪ್ಪುತ್ತೇನೆ. ಅದೃಷ್ಟಕ್ಕೆ ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗಗಳ ಜೆ.ಸಿ. ರಸ್ತೆಗೂ ಕೆಪಾಸಿಟರ್ ಸಿಗುವ ಎಸ್.ಪಿ. ರಸ್ತೆಗೂ ನಡೆದುಹೋಗುವಷ್ಟೇ ದೂರ. ಎರಡು ಹುಚ್ಚಿಗೆ ಒಂದೇ ಪಾರ್ಕಿಂಗ್ ಸಾಕು, ಜಾಗ ಸಿಕ್ಕರೆ.