ಖಣ ಹೊತ್ತು ಇಳಕಲ್ಲಿಗೆ: ಒಂದು ದಿನದ ಸೈಕಲ್ ದಾರಿ

ನಮ್ಮ ಕಡೆಯ ಮನೆಗಳಲ್ಲಿ ಇಳಕಲ್ ಸೀರೆ ಎಂದವರ ಬಾಯಲ್ಲಿ ಗುಳೇದಗುಡ್ಡದ ಖಣ ಎಂಬ ಮಾತು ತಾನಾಗಿಯೇ ಬಂದುಬಿಡುತ್ತದೆ. ಸೀರೆ ಒಂದೂರಿನದು, ಕುಪ್ಪಸದ ಬಟ್ಟೆ ಇನ್ನೊಂದೂರಿನದು. ಎರಡೂ ಬಾಗಲಕೋಟೆ ಜಿಲ್ಲೆಯ ಊರುಗಳೇ. ಕಮತಗಿ, ಅಮೀನಗಡ, ಹುನಗುಂದಗಳನ್ನು ಹಾದು ಹೋದರೆ ಇವೆರಡರ ನಡುವೆ ಹೆಚ್ಚುಕಡಿಮೆ 60 ಕಿಲೋಮೀಟರ್ ದಾರಿ. ಬಸ್ಸಿನಲ್ಲಿ ತೂಕಡಿಸುತ್ತ ಹಲವು ಸಲ ದಾಟಿದ್ದ ಈ ದಾರಿಯನ್ನು ಕಳೆದ ಜನವರಿಯಲ್ಲಿ, ಸಂಕ್ರಾಂತಿಗೆ ನಾಲ್ಕು ದಿನ ಮೊದಲು, ಸೈಕಲ್ ತುಳಿದು ಮುಗಿಸಿದೆ. ಅವ್ವ ಸೀರೆ-ಖಣ ತರಲು ಹೇಳಿದ್ದು ಒಳ್ಳೆಯ ನೆಪವಾಯಿತು.

ಗುಳೇದಗುಡ್ಡದಲ್ಲಿ ಬೆಳಗಾಗುವುದು ಕೆಂಪು ಮರಳುಗಲ್ಲಿನ ಗುಡ್ಡಗಳ ನೆತ್ತಿಯಿಂದ. ಬಿಸಿಲು ಇನ್ನೂ ಓಣಿಗೆ ಇಳಿಯದ ಹೊತ್ತಿನಲ್ಲಿಯೇ ಒಂದೆರಡು ಮನೆಗಳಿಂದ ಮಗ್ಗದ ಸದ್ದು ಕೇಳತೊಡಗಿತ್ತು. ಬಾಗಿಲು ತೆರೆದ ಮೊದಲ ಅಂಗಡಿಯಲ್ಲಿ ಹಿರಿಯರೊಬ್ಬರು ಖಣಗಳನ್ನು ಹರಡಿದರು. ಖಣವನ್ನು ತ್ರಿಕೋನವಾಗಿ ಮಡಚಿಡುವ ಪದ್ಧತಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಉಡಿ ತುಂಬುವಾಗ ತೆಂಗಿನಕಾಯಿಯ ಜೊತೆ ಹಾಗೆ ಮಡಚಿದ ಖಣವನ್ನೇ ಇಡುತ್ತಾರೆ. ಆದರೆ ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಕಾಳಿನಷ್ಟು ಸಣ್ಣದಾಗಿ ನೇಯ್ದ ತೇರಿನ ಸಾಲುಗಳನ್ನು ನೋಡಿದ್ದು ಇದೇ ಮೊದಲು. ಬಟ್ಟೆಯನ್ನು ಓರೆ ಮಾಡಿದರೆ ನೀಲಿಯೊಳಗಿಂದ ಹಸಿರು ಹಣಕುತ್ತಿತ್ತು, ನೆಟ್ಟಗೆ ಹಿಡಿದರೆ ಮಾಯವಾಗುತ್ತಿತ್ತು.

"ಸೀರಿ ತಂದೀರೇನ್ರಿ?" ಎಂದು ಅವರು ಕೇಳಿದರು. ಸಂಜೆ ಇಳಕಲ್ಲಿಗೆ ಹೋಗಿ ಕೊಳ್ಳುವವನಿದ್ದೇನೆ ಎಂದೆ. "ಉಲ್ಟಾ ಆತಲ್ರಿ. ಸೀರಿಗೆ ಖಣ ಹೊಂದಸ್ತಾರ, ಖಣಕ್ಕ ಸೀರಿ ಹೊಂದಸೋದಿಲ್ಲ" ಎಂದು ನಕ್ಕು, ಹೊರಗೆ ನಿಲ್ಲಿಸಿದ್ದ ಸೈಕಲ್ಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಖಣವನ್ನು ಹಾಳೆಯಲ್ಲಿ ಸುತ್ತಿಕೊಟ್ಟರು.

ಊರು ದಾಟಿದ ಕೂಡಲೇ ಮೂಡಗಾಳಿ ಎದುರಾಯಿತು. ಚಳಿಗಾಲದಲ್ಲಿ ಈ ಬಯಲಿನ ಮೇಲೆ ಗಾಳಿ ಪೂರ್ವದಿಂದಲೇ ಬೀಸುತ್ತದೆಂಬುದನ್ನು ರೈತನ ಮಗನಾಗಿಯೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಪೂರ್ವಕ್ಕೆ ಹೊರಟಿದ್ದು ನನ್ನದೇ ತಪ್ಪು. ಇಳಿಜಾರಿನಲ್ಲೂ ತುಳಿಯಬೇಕಾಯಿತು. ಆದರೆ ಆ ನಿಧಾನದಿಂದಲೇ ಮಣ್ಣಿನ ಬಣ್ಣ ಬದಲಾಗುವುದು ಕಣ್ಣಿಗೆ ಬಿತ್ತು: ಗುಡ್ಡದ ಬುಡದ ಕೆಂಪು ತೆಳುವಾಗುತ್ತ ಹೋಗಿ, ಬರಬರುತ್ತ ಎರಡೂ ಬದಿಗೆ ಕಪ್ಪು ಎರೆಮಣ್ಣಿನ ಹೊಲಗಳು ಹರಡಿಕೊಂಡವು. ಬಿಳಿಜೋಳ ತೆನೆ ಕಟ್ಟಿ ನಿಂತಿತ್ತು, ಕಡಲೆ ಕಾಯಾಗಿತ್ತು, ಹೊಲದ ಅಂಚಿಗೆ ಅಕ್ಕಡಿಯಾಗಿ ಹಾಕಿದ ಕುಸುಬೆಯ ಮುಳ್ಳುಗಿಡಗಳಿದ್ದವು. ಬದುವಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಕರೆದು ಒಂದು ಹಿಡಿ ಹಸಿಕಡಲೆ ಗಿಡವನ್ನೇ ಕಿತ್ತುಕೊಟ್ಟರು. ಅದನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು, ಒಂದೊಂದೇ ಸುಲಗಾಯಿ ಬಿಡಿಸಿ ತಿನ್ನುತ್ತ ಕಮತಗಿ ಮುಟ್ಟಿದೆ. ಕೈಯಲ್ಲಿ ಉಳಿದ ಹುಳಿ ಬಹಳ ಹೊತ್ತು ಹೋಗಲಿಲ್ಲ.

ಕಮತಗಿಯೂ ನೇಕಾರರ ಊರು. ಚಹಾ ಕುಡಿದು ಹೊರಟು ಮಲಪ್ರಭೆಯ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ಪಟ್ಟದಕಲ್ಲು, ಐಹೊಳೆಗಳನ್ನು ಸವರಿಕೊಂಡು ಬರುವ ಹೊಳೆ ಇದು. ಇಲ್ಲಿಂದ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. 2019ರ ಆಗಸ್ಟಿನಲ್ಲಿ ದಂಡೆಯ ಊರುಗಳನ್ನೆಲ್ಲ ಮುಳುಗಿಸಿದ ಹೊಳೆಯೇ ಇದು ಎಂದು ಆ ದಿನ ಯಾರೂ ನಂಬುವಂತಿರಲಿಲ್ಲ: ಕೆಳಗೆ ಕಲ್ಲುಗಳ ನಡುವೆ ನೀರು ಗುಂಡಿಗುಂಡಿಯಾಗಿ ನಿಂತಿತ್ತು, ಎಮ್ಮೆಗಳು ಅದರಲ್ಲಿ ಮಲಗಿದ್ದವು.

ಸೇತುವೆಯ ಬದಿಯ ಮಣ್ಣಿಗೆ ಸೈಕಲ್ ಇಳಿಸಿದ್ದಕ್ಕೆ ದಂಡ ತೆರಬೇಕಾಯಿತು. ಹಿಂದಿನ ಗಾಲಿಗೆ ನೆಗ್ಗಿಲ ಮುಳ್ಳು ಚುಚ್ಚಿ, ಅಮೀನಗಡ ಇನ್ನೂ ದೂರವಿರುವಾಗಲೇ ಗಾಳಿ ಹೋಯಿತು. ತೇಪೆ ಸಾಮಾನು ನನ್ನ ಚೀಲದಲ್ಲಿತ್ತು. ಅಂಟಿನ ಟ್ಯೂಬು ಮಾತ್ರ ಒಣಗಿ ಗಟ್ಟಿಯಾಗಿತ್ತು. ಅರ್ಧ ಗಂಟೆ ತಳ್ಳಿಕೊಂಡು ಹೋದ ಮೇಲೆ ರಸ್ತೆ ಬದಿಯಲ್ಲಿ ಹಳೆಯ ಟೈರು ತೂಗುಹಾಕಿದ ಪಂಕ್ಚರ್ ಅಂಗಡಿ ಸಿಕ್ಕಿತು. ಅಂಗಡಿಯ ಹುಡುಗ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎದ್ದಲ್ಲೆಲ್ಲ ಕಡ್ಡಿಯಿಂದ ಗುರುತು ಮಾಡಿ, ಮೂರು ತೂತು ಎಂದು ಬೆರಳೆತ್ತಿ ತೋರಿಸಿದ. ತೇಪೆ ಹಚ್ಚುವ ಮುನ್ನ ಟೈರಿನ ಒಳಮೈಯನ್ನು ಅಂಗೈಯಿಂದ ಸುತ್ತಲೂ ಸವರಿ ಇನ್ನೆರಡು ಮುಳ್ಳುಗಳನ್ನು ತೆಗೆದಿಟ್ಟ. ಹಾಗೆ ಸವರಿ ನೋಡುವುದನ್ನು ನಾನು ಎಂದೂ ನೆನಪಿಟ್ಟುಕೊಂಡವನಲ್ಲ. "ಗಾಡಿ ಇಲ್ಲೇನ್ರಿ ನಿಮಗ?" ಎಂದು ಕೇಳಿದ. ಇದೆ ಎಂದೆ. ಆಮೇಲೆ ಅವನು ಏನನ್ನೂ ಕೇಳಲಿಲ್ಲ.

ಅಮೀನಗಡವೆಂದರೆ ಕರದಂಟು. ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿದು ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿಗಳೊಡನೆ ಬೆಲ್ಲದ ಪಾಕಕ್ಕೆ ಬೆರೆಸಿ ಮಾಡುವ ಈ ತಿನಿಸನ್ನು ನಮ್ಮಲ್ಲಿ ಬಾಣಂತಿಯರಿಗೆ ಕೊಡುತ್ತಾರೆ. ಎದುರುಗಾಳಿಗೆ ಸೈಕಲ್ ತುಳಿದು ಬಂದವನಿಗೂ ಅದು ಅಷ್ಟೇ ಸಲ್ಲುತ್ತದೆ ಎಂಬುದು ನನ್ನ ಅನುಭವ. ಗೋಕಾಕದವರು ತಮ್ಮದೇ ಹೆಚ್ಚೆನ್ನುತ್ತಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ಎರಡು ತುಂಡು ಅಲ್ಲಿಯೇ ತಿಂದು, ಅರ್ಧ ಕಿಲೋ ಕಟ್ಟಿಸಿಕೊಂಡು ಚೀಲಕ್ಕೆ ಹಾಕಿದೆ.

ಹುನಗುಂದದಲ್ಲಿ ಖಡಕ್ ರೊಟ್ಟಿ, ಕಾಳುಪಲ್ಯ, ಮೊಸರಿನ ಊಟ ಮುಗಿಸಿ ದಕ್ಷಿಣಕ್ಕೆ ತಿರುಗಿದಾಗ ಗಾಳಿ ಎಡಗೆನ್ನೆಗೆ ಬಂತು. ಅಲ್ಲಿಂದ ಮುಂದಿನದು ಹೆದ್ದಾರಿ. ಲಾರಿಗಳ ಸದ್ದಿನಲ್ಲಿ ತಲೆ ತಗ್ಗಿಸಿ ತುಳಿದೆನೆಂಬುದನ್ನು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ.

ಇಳಕಲ್ಲಿನಲ್ಲಿ ಪರಿಚಯದವರು ನೇಕಾರರೊಬ್ಬರ ಮನೆಗೆ ಕರೆದೊಯ್ದರು. ಅದು ಕುಣಿಮಗ್ಗ: ನೇಯುವವರು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾರೆ. ಬೆಳಗಿನಿಂದ ತುಳಿದು ನೋಯುತ್ತಿದ್ದ ನನ್ನ ಕಾಲುಗಳು ಆ ಕಾಲುಗಳನ್ನು ಗಮನಿಸದೆ ಇರಲಿಲ್ಲ. ಇಳಕಲ್ ಸೀರೆಯ ಹೆಚ್ಚುಗಾರಿಕೆ ಇರುವುದು ಒಡಲೂ ಸೆರಗೂ ಕೂಡುವ ಜಾಗದಲ್ಲಿ. ಒಡಲಿನ ಹಾಸು, ಎಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ; ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿಯಾಗಿ ಸಿಕ್ಕಿಸಿ ಕೂಡಿಸಬೇಕು. ಹೀಗಾಗಿ ಹತ್ತಾರು ಸೀರೆಗೆ ಸಾಲುವಷ್ಟು ಉದ್ದನೆಯ ಒಂದೇ ಹಾಸು ಹಾಕಿಕೊಂಡು ನೇಯುತ್ತ ಹೋಗುವಂತಿಲ್ಲ, ಪ್ರತಿ ಸೀರೆಗೂ ಈ ಕೂಡಿಸುವ ಕೆಲಸ ಹೊಸದಾಗಿಯೇ ಆಗಬೇಕು. ಆ ಮನೆಯ ಅಕ್ಕ ಅದನ್ನು ಮಾಡುವಾಗ ಮಾತನಾಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಸೆರಗಿನ ಕೆಂಪಿನಲ್ಲಿ ಬಿಳಿಯ ಚೂಪು ಚೂಪು ಆಕಾರಗಳಿದ್ದವು. ಅವು ಜೋಳದ ತೆನೆಗಳು ಎಂದು ಆಮೇಲೆ ಹೇಳಿದರು. ಆ ದಿನವೆಲ್ಲ ಅವನ್ನೇ ನೋಡುತ್ತ ಬಂದಿದ್ದರೂ ಹೇಳಿದ ಮೇಲೆಯೇ ನನಗೆ ಗುರುತು ಸಿಕ್ಕಿತು.

ಕತ್ತಲಾಗುವ ಹೊತ್ತಿಗೆ ಅಂಗಡಿಯಲ್ಲಿ ಕುಳಿತು ಖಣಕ್ಕೆ ಸೀರೆ ಹೊಂದಿಸಲು ಪೊಟ್ಟಣ ಬಿಚ್ಚಿದಾಗ, ಕರದಂಟಿನ ತುಪ್ಪ ಹಾಳೆಯಿಂದ ಹಾಳೆಗೆ ಇಳಿದು ಖಣದ ಒಂದು ಮೂಲೆಯಲ್ಲಿ ಕಾಸಿನಗಲದ ಕಲೆಯಾಗಿತ್ತು. ನಾನು ಪೆಚ್ಚಾಗಿ ಕುಳಿತೆ. ಅಂಗಡಿಯ ಕಾಕಾ ಕನ್ನಡಕ ಮೇಲೇರಿಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಕಲೆಯನ್ನು ಹೆಬ್ಬೆರಳಿನಿಂದ ಅಳೆದು, "ಇಷ್ಟು ಹೊಲಿಗ್ಯಾಗ ಹೋಗತೈತಿ ಬಿಡ್ರಿ, ನಿಮ್ಮ ಅವ್ವಾರಿಗೆ ಹೇಳಬ್ಯಾಡ್ರಿ" ಎಂದು, ದಾಳಿಂಬೆ ಬಣ್ಣದ ಸೀರೆಯೊಂದನ್ನು ಅದರ ಪಕ್ಕಕ್ಕೆ ಹಾಸಿದರು.